ನಾನೇನೂ ತಪ್ಪು ಮಾಡಿಲ್ಲ, ಸರ್ಕಾರ ನನ್ನ ಫೋನ್ ಮಾತು ಕದ್ದು ಕೇಳಿದರೆ ನನಗೇನು ನಷ್ಟ?

ಗುಳೇದಗುಡ್ಡದ ಓದುಗರೊಬ್ಬರು ಕೇಳಿದ್ದಾರೆ: "ನಂದು ಖಣದ ವ್ಯಾಪಾರ ರೀ. ದಿನಾ ಮೂವತ್ತು ನಲವತ್ತು ಫೋನ್ ಬರ್ತಾವು, ಅರ್ಧಕ್ಕರ್ಧ ಮಹಾರಾಷ್ಟ್ರದ್ದು. ನಾ ಏನ್ ಕಳವು ಮಾಡಿಲ್ಲ. ಭಯೋತ್ಪಾದಕರನ್ನ ಹಿಡೀಲಿಕ್ಕೆ ಸರ್ಕಾರದವ್ರು ನನ್ನ ಫೋನೂ ಕೇಳಿದ್ರ ಕೇಳ್ಲಿ ಬಿಡ್ರಿ. ನಂದೇನ್ ಹೋಗ್ತೈತಿ?"

ಎಲ್ಲಾದರೂ ಸ್ಫೋಟದ ಸುದ್ದಿ ಬಂದಾಗ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಇದರ ಹಿಂದೆ ಇರುವುದು ಭಯ. ಆ ಭಯ ಸುಳ್ಳಲ್ಲ. ಮುಂಬೈ ನಮಗೆ ದೂರದ ಊರೇನಲ್ಲ, ರಾತ್ರಿ ಬಸ್ ಹತ್ತಿದರೆ ಮರುದಿನ ಅಲ್ಲಿರುತ್ತೇವೆ. 2008ರ ನವೆಂಬರ್ 26ರ ದಾಳಿ ನಡೆಯುತ್ತಿದ್ದಾಗಲೇ ಪೊಲೀಸರು ದಾಳಿಕೋರರ ಫೋನ್ ಮಾತು ಕೇಳಿಸಿಕೊಂಡರು. ಪಾಕಿಸ್ತಾನದಲ್ಲಿ ಕೂತು ಅವರನ್ನು ನಡೆಸುತ್ತಿದ್ದವರ ದನಿ ಸಿಕ್ಕಿದ್ದು ಹಾಗೆ. ಮುಂದೆ ಕಸಬ್ ಪ್ರಕರಣದಲ್ಲಿ ಅದೇ ದೊಡ್ಡ ಸಾಕ್ಷ್ಯವಾಯಿತು. ಹಾಗಾಗಿ ಫೋನ್ ಕೇಳುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಅನುಮಾನಕ್ಕೆ ಕಾರಣವಿತ್ತು. ಒಂದು ನಂಬರ್ ಹಿಡಿದು ಅದರ ಬೆನ್ನು ಹತ್ತಿದ್ದರು.

ಈಗ ನಿಮ್ಮ ಫೋನ್ ವಿಷಯಕ್ಕೆ ಬರೋಣ. ಅದನ್ನು ಕೇಳಬಹುದು ಅಂತ ಯಾರು ಅಪ್ಪಣೆ ಕೊಡಬೇಕು? ನ್ಯಾಯಾಧೀಶರು ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಮನೆ ಶೋಧಕ್ಕೆ ಕೋರ್ಟಿನ ವಾರಂಟ್ ತರುವ ಪದ್ಧತಿ ಇದೆ ಅಲ್ವಾ? ಫೋನಿಗೆ ಹಾಗಿಲ್ಲ. ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ ಸಹಿ ಹಾಕಿದರೆ ಸಾಕು. ತುರ್ತು ಎಂದರೆ ಇನ್ನೂ ಕೆಳಗಿನ ಅಧಿಕಾರಿಯೇ ಶುರು ಮಾಡಿಸಿ, ಆಮೇಲೆ ಒಪ್ಪಿಗೆ ಪಡೆಯಬಹುದು. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸುತ್ತಾ 180 ದಿನದವರೆಗೆ ಹೋಗಬಹುದು. ಈ ಏರ್ಪಾಡಿನ ಬೇರು ಸುಪ್ರೀಂ ಕೋರ್ಟ್ 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಹಾಕಿಕೊಟ್ಟ ನಿಯಮಗಳಲ್ಲಿದೆ. ಅದಕ್ಕೂ ಮೊದಲು 1885ರ ಟೆಲಿಗ್ರಾಫ್ ಕಾಯ್ದೆಯ ಒಂದು ಕಲಮು ಬಿಟ್ಟರೆ ಬೇರೆ ನಿಯಮವೇ ಇರಲಿಲ್ಲ. ಈಗ ಆ ಹಳೆಯ ಕಾಯ್ದೆ ಹೋಗಿ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದಿವೆ. ನ್ಯಾಯಾಧೀಶರು ಮಾತ್ರ ಇನ್ನೂ ಬಂದಿಲ್ಲ.

ಗೃಹ ಕಾರ್ಯದರ್ಶಿಯ ಆದೇಶ ಸರಿಯೋ ತಪ್ಪೋ ಎಂದು ನೋಡಲು ಪರಿಶೀಲನಾ ಸಮಿತಿ ಇದೆ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಅಂದರೆ ಕೇಳುವವರು, ಒಪ್ಪುವವರು, ತಪಾಸಣೆ ಮಾಡುವವರು ಎಲ್ಲರೂ ಒಂದೇ ಸರ್ಕಾರದವರು. ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಸಮಿತಿಯ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ಜನರ ಮಾಹಿತಿ ರಕ್ಷಣೆಯ ಕಾನೂನಿಗೆಂದು ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಬರೆದಿದೆ. ನೀವೇ ಲೆಕ್ಕ ಹಾಕಿ. ಒಂದು ಆದೇಶಕ್ಕೆ ಒಂದೇ ನಿಮಿಷ ಕೊಟ್ಟರೂ 15,000 ನಿಮಿಷ, ಅಂದರೆ 250 ತಾಸು. ಹಗಲೂ ರಾತ್ರಿ ಏಳದೆ ಕೂತರೂ ಹತ್ತು ದಿನ ಬೇಕು. ನಿಮ್ಮ ಹೆಸರು ತಪ್ಪಾಗಿ ಆ ರಾಶಿಯೊಳಗೆ ಸೇರಿದ್ದರೆ, ಅದನ್ನು ಎತ್ತಿ ಹೊರಗಿಡುವಷ್ಟು ಪುರಸೊತ್ತು ಅಲ್ಲಿ ಯಾರಿಗಿದೆ?

ನಮ್ಮ ಭಾಗದ ಹಿರಿಯರಿಗೆ ಒಂದು ಚುನಾವಣೆ ನೆನಪಿರಬೇಕು. 1991ರಲ್ಲಿ ರಾಮಕೃಷ್ಣ ಹೆಗಡೆ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು, ಜಮಖಂಡಿಯ ಸಿದ್ದು ನ್ಯಾಮಗೌಡರ ಎದುರು ಸೋತರು. ಅದಕ್ಕೆ ಮೂರು ವರ್ಷ ಮೊದಲು, 1988ರ ಆಗಸ್ಟ್‌ನಲ್ಲಿ, ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ಫೋನ್ ಕದ್ದಾಲಿಕೆಯ ಆರೋಪ ಬಂದಿದ್ದಕ್ಕೆ. ಕೇಳಿಸಿಕೊಂಡಿದ್ದು ರಾಜಕಾರಣಿಗಳ ಫೋನ್ ಎಂಬುದು ಆರೋಪ. ಫೋನ್ ಕೇಳಲು ಕಾನೂನು ಬಾಗಿಲು ತೆರೆದಿಟ್ಟಿದ್ದು ಸಾರ್ವಜನಿಕ ಸುರಕ್ಷತೆಗೆ, ರಾಜಕೀಯಕ್ಕಲ್ಲ. 2019ರಲ್ಲಿ ಮತ್ತೆ ನಮ್ಮ ರಾಜ್ಯದಲ್ಲೇ ಅಂಥದ್ದೇ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು. ಹೆಗಡೆಯವರು ಕೆಟ್ಟವರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ರಾಜೀನಾಮೆ ಕೊಟ್ಟರಲ್ಲ, ಅಷ್ಟು ನಾಚಿಕೆ ಆಗಿನ ಕಾಲಕ್ಕಿತ್ತು.

ಇನ್ನು ಮಾತನ್ನೇ ಕೇಳಬೇಕೆಂದೂ ಇಲ್ಲ. ಪೊಲೀಸರು ಸಿಡಿಆರ್ ಅನ್ನುತ್ತಾರಲ್ಲ, ಆ ಕರೆ ವಿವರ ಸಾಕು. ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರ್ ಕೆಳಗೆ ನಿಂತು ಎಂಬ ಪಟ್ಟಿ ಅದು. ಮೊಬೈಲ್ ಕಂಪನಿಗಳು ಕನಿಷ್ಠ ಎರಡು ವರ್ಷ ಅದನ್ನು ಇಡಬೇಕು. ಇದನ್ನು ತರಿಸಲು ಗೃಹ ಕಾರ್ಯದರ್ಶಿಯವರೆಗೆ ಹೋಗಬೇಕಿಲ್ಲ. ನಿಮ್ಮದನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ನವನಗರದ ಒಬ್ಬ ಡಾಕ್ಟರಿಗೆ ಫೋನ್. ಹತ್ತು ನಿಮಿಷ ಬಿಟ್ಟು ರಕ್ತ ಪರೀಕ್ಷೆಯ ಲ್ಯಾಬಿಗೆ. ಮಧ್ಯಾಹ್ನ ಬಡ್ಡಿ ಸಾಲ ಕೊಡುವವರಿಗೆ. ರಾತ್ರಿ ಹನ್ನೊಂದಕ್ಕೆ ಸೊಲ್ಲಾಪುರದ ಅಕ್ಕನಿಗೆ, ನಲವತ್ತು ನಿಮಿಷ. ಒಂದು ಮಾತೂ ಕೇಳಿಲ್ಲ, ಆದರೆ ಮನೆಯೊಳಗಿನ ಕಥೆ ಪೂರ್ತಿ ಗೊತ್ತಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೂ ಬೀದಿಯಲ್ಲಿ ಹರಡಲಿ ಎಂದು ನೀವು ಬಯಸುವುದಿಲ್ಲ ಅಲ್ವಾ? ಹೆಣ್ಣು ಕೊಡುವ, ತರುವ ಮಾತು ನಡೆದ ಮನೆಯವರನ್ನು ಕೇಳಿ ನೋಡಿ.

"ಸರ್ಕಾರ ಯಾಕೆ ಹೊರಗೆ ಹೇಳ್ತದೆ?" ಎನ್ನಬಹುದು. ಸರ್ಕಾರ ಎಂದರೆ ಒಬ್ಬ ಮನುಷ್ಯ ಅಲ್ಲ. 2013ರಲ್ಲಿ ಅರುಣ್ ಜೇಟ್ಲಿ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಅವರ ಕರೆ ವಿವರಕ್ಕೇ ಕೈ ಹಾಕಿದ ಪ್ರಕರಣದಲ್ಲಿ ದೆಹಲಿ ಪೊಲೀಸಿನ ಒಬ್ಬ ಕಾನ್‌ಸ್ಟೆಬಲ್ ಬಂಧನವಾಯಿತು. ಅಂಥ ದೊಡ್ಡವರ ವಿಷಯವಾದ್ದರಿಂದ ಅದು ಹೊರಗೆ ಬಂತು.

ಎಲ್ಲರ ವಿವರ ಗುಡ್ಡೆ ಹಾಕಿದರೆ ಭಯೋತ್ಪಾದಕರು ಬೇಗ ಸಿಗುತ್ತಾರಾ? ಅಮೆರಿಕ ಮಾಡಿ ನೋಡಿತು. 2001ರ ದಾಳಿಯ ನಂತರ ಅಲ್ಲಿ ಕೋಟ್ಯಂತರ ಸಾಮಾನ್ಯರ ಕರೆ ವಿವರ ಗುಟ್ಟಾಗಿ ಸಂಗ್ರಹವಾಗುತ್ತಿತ್ತು. 2013ರಲ್ಲಿ, ಅಲ್ಲಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಅದನ್ನು ಬಯಲು ಮಾಡಿದರು. ಮರುವರ್ಷ ಅಲ್ಲಿನ ಸರ್ಕಾರದ್ದೇ ಒಂದು ಮಂಡಳಿ ಕಡತಗಳನ್ನು ತೆಗೆದು ನೋಡಿತು. ದೇಶಕ್ಕೆ ಬಂದ ಬೆದರಿಕೆಯ ತನಿಖೆಯಲ್ಲಿ ಈ ರಾಶಿಯಿಂದಲೇ ಫಲಿತಾಂಶ ಬದಲಾದ ಒಂದು ಪ್ರಕರಣವೂ ಅದಕ್ಕೆ ಸಿಗಲಿಲ್ಲ. 2015ರಲ್ಲಿ ಆ ಸಂಗ್ರಹವನ್ನು ಕಾನೂನು ತಂದೇ ನಿಲ್ಲಿಸಿದರು.

ಮತ್ತೆ, ಹೋಗುವುದು ನಿಮ್ಮದೊಂದೇ ಅಲ್ಲ. ಕಬ್ಬಿನ ಬಾಕಿ ಕೇಳುವ ರೈತ ಮುಖಂಡ, ಮುಳುಗಡೆ ಪರಿಹಾರದಲ್ಲಿ ದುಡ್ಡು ತಿಂದವರ ಬಗ್ಗೆ ಪತ್ರಕರ್ತರಿಗೆ ಹೇಳುವ ಗುಮಾಸ್ತ, ಇವರ ಫೋನಿಗೆ ಗುಟ್ಟು ಬೇಕೇ ಬೇಕು. ನಿಮ್ಮ ಪರವಾಗಿ ಮಾತಾಡುವವರು ಅವರು. ಯಾರೋ ಕೇಳುತ್ತಿದ್ದಾರೆ ಎಂಬ ಅನುಮಾನ ಬಂದರೆ ಸಾಕು, ಆ ಗುಮಾಸ್ತ ಫೋನ್ ಎತ್ತುವುದಿಲ್ಲ.

ಕೊನೆಗೆ, ನೀವು ಕೇಳದೇ ಬಿಟ್ಟ ಪ್ರಶ್ನೆ: ನನ್ನ ಫೋನ್ ಕೇಳಿದ್ದರೆ ನನಗೆ ಗೊತ್ತಾಗುತ್ತದಾ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಕೇಸ್ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 86ರ ವಯಸ್ಸಿನಲ್ಲಿ. ಆದರೂ ಫೋನ್ ಕೇಳಿ ಮುಗಿದ ಮೇಲೆ ನಿಮಗೆ ತಿಳಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಜರ್ಮನಿಯಲ್ಲಿ ಇದೆ. ತನಿಖೆಗೆ ತೊಂದರೆ ಇಲ್ಲ ಎನ್ನುವ ಹೊತ್ತಿಗೆ, ಯಾರ ಫೋನ್ ಕೇಳಿದ್ದರೋ ಅವರಿಗೆ ಹೇಳಬೇಕು, ಅವರು ಕೋರ್ಟಿಗೂ ಹೋಗಬಹುದು. ನಮ್ಮಲ್ಲಿ ಬೇಡವಾದ ದಾಖಲೆಯನ್ನು ಆರು ತಿಂಗಳಿಗೊಮ್ಮೆ ನಾಶ ಮಾಡುತ್ತಾರೆ. ಅದರ ಜೊತೆಗೆ, ಕೇಳಿದ್ದು ಸರಿಯಿತ್ತೋ ಇಲ್ಲವೋ ಎಂಬುದರ ಗುರುತೂ ಹೋಗುತ್ತದೆ.