ಓದುಗರ ಪ್ರಶ್ನೆ: ಅಂಟಾರ್ಕ್ಟಿಕಾದ ಚಳಿಯನ್ನು ಮಲೆನಾಡಿನವರು ತಡೆದಾರೇ?

ಪ್ರಶ್ನೆ: ಮೇಷ್ಟ್ರೇ, ನನಗೆ ಐವತ್ತೆಂಟು, ನಮ್ಮ ಮನೆಯವರಿಗೆ ಐವತ್ಮೂರು. ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಿ ಪೆಂಗ್ವಿನ್, ಹಿಮಗಡ್ಡೆ ಎಲ್ಲ ನೋಡಿ ಬರಬೇಕೆಂಬ ಆಸೆ. ದುಡ್ಡಿನ ವ್ಯವಸ್ಥೆ ಮಗಳು ಮಾಡ್ತೀನಿ ಅಂದಿದ್ದಾಳೆ. ಆದರೆ ನೆಂಟರೆಲ್ಲ "ಅಲ್ಲಿ ಮೈನಸ್ ಎಂಬತ್ತು ಡಿಗ್ರಿಯಂತೆ, ಡಿಸೆಂಬರ್ ಚಳಿಗೇ ಬಚ್ಚಲ ಒಲೆ ಬಿಟ್ಟು ಏಳದವರು ನೀವು, ಬದುಕಿ ಬರ್ತೀರಾ?" ಅಂತಾರೆ. ನಮ್ಮಂಥವರಿಗೆ ಆ ಚಳಿ ತಡೆಯುತ್ತಾ? ಅಪ್ಪನ ಕಾಲದ ಒಳ್ಳೇ ಕಂಬಳಿ ಇದೆ, ತಗೊಂಡು ಹೋಗಬಹುದಾ?
— ಹೊಸನಗರ ತಾಲ್ಲೂಕಿನ ಅಡಕೆ ಬೆಳೆಗಾರರೊಬ್ಬರು

ಉತ್ತರ: ತಡೆಯುತ್ತೀರಿ. ಕಂಬಳಿಯ ವಿಚಾರ ಕೊನೆಗೆ ಹೇಳುತ್ತೇನೆ.

ನಾನು ಹೋಗಿ ಬಂದ ಮೇಲೆ ಈ ಪ್ರಶ್ನೆಯನ್ನು ಗೋಪಿ ಸರ್ಕಲ್ಲಿನಲ್ಲಿ ಕೇಳಿದ್ದಾರೆ, ತೀರ್ಥಹಳ್ಳಿ ಬಸ್ಸಿನಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿ ಸಾರು ಬರುವುದರೊಳಗೆ ಕೇಳಿದ್ದಾರೆ. ಎಲ್ಲರ ಬಾಯಲ್ಲೂ ಅದೇ ಮೈನಸ್ ಎಂಬತ್ತು. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನಿಗೆ ಇದು ನೋವಿನ ಸಂಗತಿ, ಯಾಕೆಂದರೆ ಆ ಅಂಕಿಯನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಕೊಟ್ಟವರು ನಮ್ಮಂಥ ಮೇಷ್ಟ್ರುಗಳೇ. ಅದು ಎಲ್ಲಿಯ ಅಂಕಿ, ಯಾವ ತಿಂಗಳಿನದು ಎಂದು ಹೇಳದೆ ಬಿಟ್ಟೆವು. ಈಗ ಪೂರ್ತಿ ಹೇಳುತ್ತೇನೆ.

1983ರ ಜುಲೈ 21ರಂದು ವೋಸ್ಟೋಕ್ ಎಂಬ ಸಂಶೋಧನಾ ಠಾಣೆಯಲ್ಲಿ ಮೈನಸ್ 89.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಂಕಿ ನಿಜ. ಆದರೆ ಮೊದಲು ತಿಂಗಳು ನೋಡಿ. ಜುಲೈ ಎಂದರೆ ದಕ್ಷಿಣ ಗೋಳಾರ್ಧದ ನಡುಚಳಿಗಾಲ, ವೋಸ್ಟೋಕ್‌ನಲ್ಲಿ ಆಗ ಸೂರ್ಯನೇ ಹುಟ್ಟುವುದಿಲ್ಲ. ಆಮೇಲೆ ಎತ್ತರ ನೋಡಿ. ಆ ಠಾಣೆ ಇರುವುದು ಸಮುದ್ರಮಟ್ಟದಿಂದ 3,488 ಮೀಟರ್ ಮೇಲೆ, ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಹಾಸಿನ ಮೇಲೆ. ನಮ್ಮ ಕೊಡಚಾದ್ರಿ 1,343 ಮೀಟರ್. ಅಂಥ ಎರಡೂವರೆ ಕೊಡಚಾದ್ರಿ ಒಂದರ ಮೇಲೊಂದು ಇಟ್ಟುಕೊಳ್ಳಿ. ಇನ್ನು ಸಮುದ್ರವೋ, ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ನಿಮ್ಮ ಹಡಗು ವೋಸ್ಟೋಕ್‌ಗೆ ಹೋಗುವುದಿಲ್ಲ, ಹೋಗಲು ಅಲ್ಲಿ ನೀರೇ ಇಲ್ಲ.

ಪ್ರವಾಸಿ ಹಡಗುಗಳು ಹೆಚ್ಚಾಗಿ ಹೋಗುವುದು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೆ. ದಕ್ಷಿಣ ಅಮೆರಿಕದ ಕಡೆಗೆ ಬಾಲದ ಹಾಗೆ ಚಾಚಿಕೊಂಡಿರುವ ಭಾಗ ಅದು. ಹೋಗುವ ಕಾಲವೂ ನವೆಂಬರಿನಿಂದ ಮಾರ್ಚ್, ಅಂದರೆ ಅಲ್ಲಿಯ ಬೇಸಿಗೆ. ಸುತ್ತ ಸಮುದ್ರ ಇರುವುದರಿಂದ ಚಳಿ ಒಂದು ಮಿತಿ ದಾಟುವುದಿಲ್ಲ. ಉಪ್ಪುನೀರು ಹೆಪ್ಪುಗಟ್ಟುವುದೇ ಮೈನಸ್ 1.8ರ ಆಸುಪಾಸಿನಲ್ಲಿ, ಹೆಪ್ಪುಗಟ್ಟದ ನೀರಿನ ಮೇಲೆ ಬರುವ ಗಾಳಿ ಎಷ್ಟು ತಣ್ಣಗಿದ್ದೀತು? ಡಿಸೆಂಬರ್, ಜನವರಿಯಲ್ಲಿ ಹಗಲಿನ ಉಷ್ಣಾಂಶ ಸೊನ್ನೆಯ ಆಚೀಚೆ ಇರುತ್ತದೆ, ಒಮ್ಮೊಮ್ಮೆ ನಾಲ್ಕೈದು ಡಿಗ್ರಿಗೂ ಏರುತ್ತದೆ. ಅದೇ ಪರ್ಯಾಯ ದ್ವೀಪದ ತುದಿಯಲ್ಲಿರುವ ಎಸ್ಪೆರಾನ್ಸಾ ಠಾಣೆಯಲ್ಲಿ 2020ರ ಫೆಬ್ರವರಿ 6ರಂದು 18.3 ಡಿಗ್ರಿ ದಾಖಲಾಗಿದೆ. ಅದು ದಾಖಲೆ, ದಿನನಿತ್ಯದ ಮಾತಲ್ಲ. ಆದರೆ ಮೈನಸ್ 89 ಕೂಡ ದಾಖಲೆಯೇ ಅಲ್ಲವೇ? ಒಂದನ್ನು ಹಿಡಿದು ಕೂತವರು ಇನ್ನೊಂದನ್ನು ಯಾಕೆ ಕೇಳಿಸಿಕೊಳ್ಳುವುದಿಲ್ಲ? ವೋಸ್ಟೋಕ್ ಲೆಕ್ಕ ಹಿಡಿದು ಈ ಪ್ರವಾಸಕ್ಕೆ ಹೆದರುವುದೆಂದರೆ, ಆಗುಂಬೆಯ ಮಳೆ ಲೆಕ್ಕ ಓದಿ ಚಳ್ಳಕೆರೆಗೆ ಕೊಡೆ, ಗಮ್ ಬೂಟು ಹೊತ್ತು ಹೋದ ಹಾಗೆ. ಅಂಟಾರ್ಕ್ಟಿಕಾ ಒಂದು ಊರಲ್ಲ, ಖಂಡ. ಭಾರತದ ನಾಲ್ಕು ಪಟ್ಟಿಗೂ ಹೆಚ್ಚು ದೊಡ್ಡದು.

ಹಾಗಾದರೆ ಅಲ್ಲಿ ಮೈ ನಡುಗಿಸುವುದೇ ಇಲ್ಲವೇ? ನಡುಗಿಸುತ್ತದೆ. ನಡುಗಿಸುವುದು ಒದ್ದೆ, ಅದರ ಜೊತೆಗೆ ಗಾಳಿ. ಈ ಮಾತು ಮಲೆನಾಡಿನವರಿಗೆ ಬೇಗ ಅರ್ಥವಾಗಬೇಕು, ಬಯಲುಸೀಮೆಯವರಿಗೆ ಹೇಳಿ ಒಪ್ಪಿಸುವುದೇ ಕಷ್ಟ. ಪುಷ್ಯ ಮಳೆಯಲ್ಲಿ ನೆಟ್ಟಿ ಮುಗಿಸಿ ಗದ್ದೆಯಿಂದ ಮೇಲೆ ಬಂದದ್ದು ನೆನಪು ಮಾಡಿಕೊಳ್ಳಿ. ಆಗ ಹೊರಗೆ ಇಪ್ಪತ್ತು, ಇಪ್ಪತ್ತೊಂದು ಡಿಗ್ರಿ ಇರುತ್ತದೆ. ಆದರೂ ಹಲ್ಲು ಕಟಕಟ ಎನ್ನುತ್ತದೆ, ಬೆರಳು ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತದೆ, ಬಚ್ಚಲ ಒಲೆಯ ಮುಂದೆ ಅರ್ಧ ಗಂಟೆ ಕೂತ ಮೇಲೆ ಮೈ ನಮ್ಮದಾಗುತ್ತದೆ. ಅದೇ ನೀವು ಡಿಸೆಂಬರಿನಲ್ಲಿ ಹದಿಮೂರು ಡಿಗ್ರಿಯ ಬೆಳಗಿನಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಕೊನೆ ಕೊಯ್ಲಿಗೆ ಆರಾಮಾಗಿ ತೋಟಕ್ಕೆ ಹೋಗಿರುತ್ತೀರಿ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆ ಮೈಗೆ ಅಂಟಿದರೆ ಮೈಯ ಬಿಸಿ ಅದರ ಮೂಲಕ ಹರಿದುಹೋಗುತ್ತಲೇ ಇರುತ್ತದೆ. ಗಾಳಿ ಸೇರಿದರೆ ಇನ್ನೂ ಬೇಗ: ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮುಖದ ಚರ್ಮಕ್ಕೆ ಅದು ಸುಮಾರು ಮೈನಸ್ 7ರಂತೆ ತಾಗುತ್ತದೆ.

ನನ್ನ ಕೈಗೇ ಆದದ್ದನ್ನು ಹೇಳುತ್ತೇನೆ. ಜನವರಿಯ ಒಂದು ಬೆಳಗ್ಗೆ, ಹಡಗಿನ ಫಲಕದಲ್ಲಿ ಒಂದು ಡಿಗ್ರಿ ಎಂದು ತೋರಿಸುತ್ತಿತ್ತು. ಮಳೆಯೂ ಅಲ್ಲದ, ಹಿಮವೂ ಅಲ್ಲದ ಹಸಿ ಹಿಮ ಬೀಳುತ್ತಿತ್ತು. ಹಡಗಿನಿಂದ ದಡಕ್ಕೆ ರಬ್ಬರ್ ದೋಣಿಯಲ್ಲಿ ಹತ್ತು ಜನ ಹೊರಟೆವು. ಆ ದೋಣಿಯಲ್ಲಿ ಸೀಟು ಇಲ್ಲ, ಗಾಳಿ ತುಂಬಿದ ಅಂಚಿನ ಮೇಲೇ ಕೂರುವುದು. ನನ್ನ ಎಡಗೈ ಹೊರಮಗ್ಗುಲಿಗಿತ್ತು. ಒಂದು ಅಲೆ ಬಡಿದು ಆ ಕೈಯ ಗ್ಲೌಸ್ ಪೂರ್ತಿ ತೊಯ್ದಿತು. ಬಲಗೈ ಒಣಗೇ ಇತ್ತು. ಹತ್ತು ನಿಮಿಷದಲ್ಲಿ ಎಡಗೈಯ ಬೆರಳುಗಳಿಗೆ ಜಾಕೆಟ್ಟಿನ ಜಿಪ್ ಹಿಡಿದದ್ದೂ ಗೊತ್ತಾಗದಂತಾಯಿತು. ಬಲಗೈಯಲ್ಲಿ ಸಲೀಸಾಗಿ ಫೋಟೋ ತೆಗೆಯುತ್ತಿದ್ದೆ. ನಮ್ಮ ಗೈಡ್ ಹುಡುಗಿ ನೋಡಿದವಳೇ ಗ್ಲೌಸ್ ಕಳಚಿಸಿ, ಕೈ ಒರೆಸಿ, ತನ್ನ ಚೀಲದಿಂದ ಒಣ ಉಣ್ಣೆ ಗ್ಲೌಸ್ ತೆಗೆದು ಹಾಕಿದಳು. ಸ್ವಲ್ಪ ಹೊತ್ತಿಗೆ ಬೆರಳುಗಳಲ್ಲಿ ಚುಚ್ಚಿದ ಹಾಗೆ ನೋವು ಶುರುವಾಗಿ ಜೀವ ಬಂತು. ಅದೇ ಗಾಳಿ, ಅದೇ ಒಂದು ಡಿಗ್ರಿ, ಒಂದೇ ಮೈಯ ಎರಡು ಕೈ.

ಪೆಂಗ್ವಿನ್ ಮರಿಗಳಿಗೂ ಇದೇ ಗಂಡಾಂತರ. ದೊಡ್ಡ ಹಕ್ಕಿಯ ಗರಿಗೆ ನೀರು ಹತ್ತುವುದಿಲ್ಲ. ಮರಿಯ ಬೂದು ತುಪ್ಪಳ ನೀರು ಕುಡಿಯುತ್ತದೆ. ಹಿಮ ಬಿದ್ದರೆ ಮರಿ ಕೊಡವಿಕೊಂಡು ನಿಲ್ಲುತ್ತದೆ. ಮಳೆ ಬಂದರೆ ತೊಯ್ದು, ಮೈ ತಣ್ಣಗಾಗಿ, ಗಾಳಿಗೆ ಸಿಕ್ಕಿ ಸಾಯುತ್ತದೆ. ಹಿಮದ ನಾಡಿನಲ್ಲೇ ಹುಟ್ಟಿದ ಜೀವವನ್ನೂ ಕೊಲ್ಲುವುದು ಒದ್ದೆ ಎಂದ ಮೇಲೆ, ಮೈನಸ್ ಎಂಬತ್ತರ ಮಾತು ಇನ್ನು ಸಾಕು.

ಆದ್ದರಿಂದ ಬಟ್ಟೆಯ ವಿಚಾರ. ಒಳಗೆ ಹತ್ತಿ ಬನಿಯನ್ ಬೇಡವೇ ಬೇಡ, ಜೀನ್ಸ್ ಅಂತೂ ದೂರ ಇಡಿ. ಹತ್ತಿ ಬೆವರನ್ನು ಹೀರಿ ಮೈಗೇ ಅಂಟಿಸಿಕೊಂಡು ಕೂರುತ್ತದೆ. ಮೈಗೆ ತಾಗುವಂತೆ ತೆಳು ಉಣ್ಣೆಯದು, ಅದರ ಮೇಲೆ ದಪ್ಪ ಸ್ವೆಟರ್ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ನೀರು, ಗಾಳಿ ಎರಡೂ ತೂರದ ಜಾಕೆಟ್ ಮತ್ತು ಪ್ಯಾಂಟು. ಇದನ್ನು ಅಂಗಡಿಯವರು ದೊಡ್ಡ ಶಾಸ್ತ್ರದಂತೆ ಹೇಳುತ್ತಾರೆ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿ, ಅದರ ಮೇಲೆ ಬಿದಿರು, ಎಲೆಯಲ್ಲಿ ಹೆಣೆದ ಗೊರಬು ಹೊತ್ತು ಜಡಿಮಳೆಯಲ್ಲಿ ದಿನವಿಡೀ ಗದ್ದೆಯಲ್ಲಿ ನಿಂತದ್ದು ಇದೇ ಲೆಕ್ಕದಲ್ಲಿ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ನೀರಾವಿ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ, ಅದರ ಸುರುಳಿ ಎಳೆಗಳ ನಡುವೆ ಗಾಳಿ ಉಳಿದು ಬೆಚ್ಚಗಿಡುತ್ತದೆ. ಗೊರಬು ನೀರನ್ನು ಹೊರಗೇ ಜಾರಿಸುತ್ತದೆ. ನನಗೆ ಇದರಲ್ಲಿ ನಿಜವಾಗಿಯೂ ಹೆಮ್ಮೆ ಇದೆ, ಹಡಗಿನಲ್ಲಿದ್ದವರಿಗೆ ಚಿತ್ರ ಬರೆದು ಗೊರಬು ಅಂದರೇನು ಎಂದು ವಿವರಿಸಿ ಬಂದಿದ್ದೇನೆ.

ಇನ್ನೊಂದು ಎಚ್ಚರ. ಹಡಗಿನ ಒಳಗೆ ಹೀಟರಿನಿಂದ ಸೆಕೆಯೇ ಇರುತ್ತದೆ. ಕೋಣೆಯಲ್ಲೇ ಎಲ್ಲ ತೊಟ್ಟು, ಜಿಪ್ ಎಳೆದು, ದೋಣಿಯ ಸರದಿಗೆ ಕಾಯುತ್ತ ನಿಂತರೆ ಬೆವರುತ್ತೀರಿ. ಆ ಬೆವರೇ ಹೊರಗೆ ಹೋದ ಮೇಲೆ ಚಳಿಯಾಗುತ್ತದೆ. ಹೊರಬಾಗಿಲ ಹತ್ತಿರ ಬಂದ ಮೇಲೆ ಜಿಪ್ ಹಾಕಿ. ದಡದಲ್ಲಿರುವುದು ಒಂದೆರಡು ಗಂಟೆ, ಮೂರು ಗಂಟೆ. ವಾಪಸು ಬಂದರೆ ಬಿಸಿ ಸೂಪು ಕಾದಿರುತ್ತದೆ.

ಜನ ನನ್ನನ್ನು ಕೇಳುವ ಉಳಿದ ಪ್ರಶ್ನೆಗಳಿಗೂ ಬೇಗ ಹೇಳಿ ಮುಗಿಸುತ್ತೇನೆ. ಹಿಮಕರಡಿ ದಕ್ಷಿಣದಲ್ಲಿಲ್ಲ, ಅದು ಬೇಕೆಂದರೆ ಜೂನ್‌ನಿಂದ ಆಗಸ್ಟ್ ನಡುವೆ ನಾರ್ವೆಯ ಸ್ವಾಲ್‌ಬಾರ್ಡ್‌ಗೆ ಹೋಗಬೇಕು. ಅಲ್ಲಿ 2025ರಿಂದ ಕರಡಿಗೆ ಕನಿಷ್ಠ 300 ಮೀಟರ್ ದೂರ ಇರಬೇಕೆಂಬ ಕಾನೂನು ಬಂದಿದೆ, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ಒಳ್ಳೆಯ ದುರ್ಬೀನು ಇಲ್ಲದೆ ಹೋಗಬೇಡಿ. ನಮ್ಮ ದೇಶದ ಮೈತ್ರಿ ಠಾಣೆ ಈ ದಾರಿಯಲ್ಲಿ ಸಿಗುವುದಿಲ್ಲ, ಅದು ಖಂಡದ ಬೇರೆ ಮಗ್ಗುಲಿನಲ್ಲಿದೆ. ಅಂಟಾರ್ಕ್ಟಿಕಾಕ್ಕೆಂದು ವೀಸಾ ಇಲ್ಲ, ಹಡಗು ಹತ್ತುವ ದೇಶದ ವೀಸಾ ಬೇಕು. ಹಡಗಿನ ಬಾಬ್ತೇ ಒಬ್ಬರಿಗೆ ಐದಾರು ಲಕ್ಷದ ಕೆಳಗೆ ಸಿಗುವುದು ಅಪರೂಪ, ವಿಮಾನದ ಟಿಕೆಟ್ ಬೇರೆ. ಹಡಗು ಆರಿಸುವಾಗ ಅದರಲ್ಲಿ ಎಷ್ಟು ಜನ ಎಂದು ಮೊದಲು ಕೇಳಿ. ಒಂದು ಜಾಗದಲ್ಲಿ ಒಮ್ಮೆಗೆ ನೂರು ಪ್ರಯಾಣಿಕರಷ್ಟೇ ದಡದಲ್ಲಿರಬಹುದು, ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ನೂರೈವತ್ತು, ಇನ್ನೂರು ಜನರ ಹಡಗಾದರೆ ನೆಲದ ಮೇಲೆ ಹೆಚ್ಚು ಹೊತ್ತು ಸಿಗುತ್ತದೆ.

ನೀವು ಹೆದರಬೇಕಾದ ವಿಚಾರವನ್ನು ಯಾರೂ ನಿಮಗೆ ಹೇಳಿಲ್ಲ. ಅದು ಡ್ರೇಕ್ ಜಲಮಾರ್ಗ. ಅರ್ಜೆಂಟಿನಾದ ಉಷುವಾಯದಿಂದ ಹೊರಟ ಹಡಗು ಅದನ್ನು ದಾಟಲು ಸುಮಾರು ಎರಡು ದಿನ ಬೇಕು, ಬರುವಾಗ ಮತ್ತೆ ಎರಡು ದಿನ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ವಾಂತಿ ಬಂದರೆ ಸೋಮೇಶ್ವರದಲ್ಲಿ ಇಳಿದು ಸುಧಾರಿಸಿಕೊಳ್ಳಬಹುದು, ಇಲ್ಲಿ ಇಳಿಯುವ ಜಾಗವೇ ಇಲ್ಲ. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಂಡು ಹೋಗಿ. ಹೊಟ್ಟೆ ತೊಳಸಲು ಶುರುವಾಗುವ ಮೊದಲೇ ನುಂಗಿ, ಆಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ದಡಕ್ಕೆ ಇಳಿಯುವ ಮೊದಲು ನಿಮ್ಮ ಬಟ್ಟೆ, ಚೀಲ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಜೇಬು ಮಗುಚಿ ವ್ಯಾಕ್ಯೂಮ್ ಹಾಕುತ್ತಾರೆ, ಬೂಟನ್ನು ಬ್ರಶ್ಶಿನಿಂದ ತಿಕ್ಕಿ ಗುಲಾಬಿ ಬಣ್ಣದ ಔಷಧಿ ನೀರಿನಲ್ಲಿ ಅದ್ದಿಸುತ್ತಾರೆ. ಕೆಲವರು ಗೊಣಗುತ್ತಿದ್ದರು. ನನಗೆ ಗೊಣಗಲು ಮನಸ್ಸು ಬರಲಿಲ್ಲ. ಲಂಟಾನ, ಕಾಂಗ್ರೆಸ್ ಗಿಡ, ಯುಪಟೋರಿಯಂ ಹೊರಗಿನಿಂದ ಬಂದು ನಮ್ಮ ಬೇಣ, ಕಾಡು, ರಸ್ತೆ ಬದಿಯನ್ನೆಲ್ಲ ಹೇಗೆ ನುಂಗಿದವು ಎಂದು ಕಣ್ಣಾರೆ ಕಂಡವರು ನಾವು. ಅಂಟಾರ್ಕ್ಟಿಕಾದಲ್ಲಿ ಸ್ವಂತದ್ದೆಂದು ಇರುವ ಹೂಬಿಡುವ ಸಸ್ಯಗಳೇ ಎರಡು, ಒಂದು ಹುಲ್ಲು, ಇನ್ನೊಂದು ನೆಲಕ್ಕಂಟಿದ ದಿಂಬಿನಂಥ ಪುಟ್ಟ ಗಿಡ. ಅಲ್ಲಿಗೂ ಈಗಾಗಲೇ ಹೊರಗಿನ ಒಂದು ಹುಲ್ಲು ಮನುಷ್ಯರ ಜೊತೆ ಹೋಗಿ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರೂರಿದೆ.

ದಡದಲ್ಲಿ ಕೂರುವ ಹಾಗಿಲ್ಲ, ಮಂಡಿಯೂರುವ ಹಾಗಿಲ್ಲ, ಚೀಲ ಕೆಳಗಿಡುವ ಹಾಗೂ ಇಲ್ಲ. 2024ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕಾದ ಮುಖ್ಯ ನೆಲದ ಹಕ್ಕಿಗಳಲ್ಲೂ ಹಕ್ಕಿಜ್ವರ ದೃಢಪಟ್ಟಿದೆ. ಒಂದು ಕಾಲೊನಿಯ ಹಿಕ್ಕೆ ನಿಮ್ಮ ಬಟ್ಟೆಗೆ ಅಂಟಿ ಇನ್ನೊಂದು ಕಾಲೊನಿಗೆ ಹೋಗಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗಿನಿಂದ ಉಣುಗಿನ ಭಯಕ್ಕೆ ತರಗೆಲೆ ಮೇಲೆ ಕೂರಬೇಡಿ ಎಂದು ನಮ್ಮ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ನಿಂತೇ ನೋಡುವುದು ನಮಗೆ ಹೊಸತಲ್ಲ. ವಾಸನೆಯೂ ಹೊಸತಲ್ಲ: ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿದಾಗ ತುಂಗೆಯ ದಡದಲ್ಲಿ ಬರುವ ಘಾಟನ್ನು ಹತ್ತು ಪಟ್ಟು ಮಾಡಿ, ಸ್ವಲ್ಪ ಸಿಗಡಿ ಸೇರಿಸಿಕೊಳ್ಳಿ.

ತಪಾಸಣೆಯ ದಿನ ನನ್ನ ಕ್ಯಾಮೆರಾ ಚೀಲದ ಅಂಟುಪಟ್ಟಿಯಿಂದ ಆ ಗೈಡ್ ಹುಡುಗಿ ಚಿಮಟದಲ್ಲಿ ಏನನ್ನೋ ಹೆಕ್ಕಿ ತೆಗೆದು ಬೆಳಕಿಗೆ ಹಿಡಿದಳು. ಉತ್ತರಣೆಯ ಬೀಜ. ನಮ್ಮ ಹಿತ್ತಲಿನದೇ, ಅನುಮಾನವಿಲ್ಲ. ವಿಮಾನ ಹತ್ತುವ ಹಿಂದಿನ ದಿನ ಅದೇ ಚೀಲ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋಗಿದ್ದೆ.

ಈಗ ನಿಮ್ಮ ತಂದೆಯವರ ಕಂಬಳಿ. ಖಂಡಿತ ತೆಗೆದುಕೊಂಡು ಹೋಗಿ. ಹೊರಡುವ ಮೊದಲು ಚೆನ್ನಾಗಿ ಕೊಡವಿ, ತೊಳೆದು, ಎರಡು ದಿನ ಅಂಗಳದ ಬಿಸಿಲಿಗೆ ಹಾಕಿ, ಎಳೆ ಎಳೆ ನೋಡಿ ಬೀಜ, ಹುಲ್ಲು ಹೆಕ್ಕಿ. ರಾತ್ರಿ ಹನ್ನೊಂದಾದರೂ ಅಲ್ಲಿ ಬೆಳಕಿರುತ್ತದೆ. ಹಡಗಿನ ಡೆಕ್ಕಿನ ಮೇಲೆ ಹೊದ್ದು ಕೂತು ಹಿಮಗಡ್ಡೆಗಳು ತೇಲಿ ಹೋಗುವುದನ್ನು ಇಬ್ಬರೂ ನೋಡಿ. ದಡಕ್ಕೆ ಮಾತ್ರ ಅದನ್ನು ಇಳಿಸಬೇಡಿ.