ಮೈಲುತುತ್ತು ಹಾಕಿದ ಮೂರನೇ ದಿನ

ಮದ್ದೂರಿನ ಹತ್ತಿರ ನಮ್ಮ ಸೋದರಮಾವನ ಕೃಷಿ ಹೊಂಡ ಇದೆ. ಹೋದ ಬೇಸಿಗೆಯಲ್ಲಿ ಅದರ ನೀರೆಲ್ಲ ಪಾಚಿ ಕಟ್ಟಿ ಹಸಿರಾಗಿತ್ತು. ಹನಿ ನೀರಾವರಿಯ ಫಿಲ್ಟರ್ ದಿನಾ ಕಟ್ಟಿಕೊಳ್ಳುತ್ತಿತ್ತು. ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಅಂತ ತಂದಿಟ್ಟಿದ್ದ ಮೈಲುತುತ್ತನ್ನು ಮಾವ ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಹಗ್ಗ ಹಾಕಿ, ಹೊಂಡದ ತುಂಬಾ ಎಳೆದಾಡಿದರು. ಗಂಟಿನ ಹಿಂದೆ ತಿಳಿ ನೀಲಿ ಗೆರೆ ಹರಡಿ ಮಾಯವಾಗುತ್ತಿತ್ತು. ಎರಡು ದಿನಕ್ಕೆ ಹಸಿರು ಬಣ್ಣ ಕಂದಿತು. ಮೂರನೇ ದಿನ ಬೆಳಗಿನ ಜಾವ ಕಾಟ್ಲಾ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಬಿಸಿಲೇರುವಷ್ಟರಲ್ಲಿ ಸತ್ತು ತೇಲಿದವು.

'ವಿಷ ಜಾಸ್ತಿ ಆಯ್ತೇನೋ' ಅಂದರು ಮಾವ. ನನಗೆ ಹಾಗನ್ನಿಸಲಿಲ್ಲ. ಅವು ಉಸಿರು ಕಟ್ಟಿ ಸತ್ತಿದ್ದವು.

ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್. ನೀರಿನಲ್ಲಿ ಕರಗಿದ ತಾಮ್ರ ಪಾಚಿಯ ಕೋಶಕ್ಕೆ ನುಗ್ಗಿ, ಬಿಸಿಲಿನಿಂದ ಆಹಾರ ತಯಾರಿಸುವ ಕೆಲಸವನ್ನೇ ಕೆಡಿಸುತ್ತದೆ. ಕುಡಿಯುವ ನೀರಿನ ಜಲಾಶಯಗಳಿಗೆ ಇದನ್ನು ಬಳಸಬಹುದು ಅಂತ 1904ರಲ್ಲಿ ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲ್ಲರ್‌ಮನ್. ಸಾಮಾನ್ಯವಾಗಿ 1000 ಲೀಟರಿಗೆ 1 ಗ್ರಾಂ ಆಸುಪಾಸು ಸಾಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದರಲ್ಲಿ ತಾಮ್ರ ಬೇಗ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಕೆಲಸ ಆಗ್ಲಿಲ್ಲ ಅಂತ ಮತ್ತೆ ಮತ್ತೆ ಸುರಿದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಹೂಳಿನಲ್ಲೇ ಉಳಿಯುತ್ತದೆ.

ಅಪಾಯ ಇರುವುದು ಪಾಚಿ ಸತ್ತ ಮೇಲೆ. ಸತ್ತ ಪಾಚಿಯನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ, ಕೊಳೆಸಲು ನೀರಿನ ಆಮ್ಲಜನಕವನ್ನೇ ಬಳಸುತ್ತವೆ. ಹಗಲು ಆಮ್ಲಜನಕ ಕೊಡುತ್ತಿದ್ದ ಪಾಚಿಯೂ ಈಗಿಲ್ಲ. ರಾತ್ರಿಯಿಡೀ ಇಳಿದು ಇಳಿದು ಬೆಳಗಿನ ಜಾವಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಅರ್ಧ ಹೊಂಡಕ್ಕೆ ಮಾತ್ರ ಔಷಧಿ ಹಾಕಿ, 10–14 ದಿನ ಕಾದು, ಆಮೇಲೆ ಉಳಿದರ್ಧಕ್ಕೆ ಹಾಕಬೇಕು.

ಕುಡಿಯುವ ನೀರಾದರೆ ಇನ್ನೂ ಎಚ್ಚರ ಬೇಕು. ನೀಲಿ-ಹಸಿರು ಪಾಚಿಯಲ್ಲಿ ಕೆಲವು ತಮ್ಮೊಳಗೆ ವಿಷ ಇಟ್ಟುಕೊಂಡಿರುತ್ತವೆ. ಕೋಶ ಒಡೆದರೆ ಅದೆಲ್ಲ ನೀರಿಗೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಅಣೆಕಟ್ಟಿನ ನೀರಿಗೆ ಮೈಲುತುತ್ತು ಹಾಕಿದ ಕೆಲವೇ ದಿನಗಳಲ್ಲಿ ಜನ ಕಾಯಿಲೆ ಬಿದ್ದರು. ಆಸ್ಪತ್ರೆ ಸೇರಿದ 148 ಜನರಲ್ಲಿ ಹೆಚ್ಚಿನವರು ಮಕ್ಕಳು.

ಪಾಚಿಗೆ ಮುಖ್ಯ ಊಟ ರಂಜಕ. ಅದು ಬರುವುದು ನಾವು ಹಾಕುವ ಡಿಎಪಿ ಗೊಬ್ಬರದಿಂದ, ಕೊಟ್ಟಿಗೆಯ ಸಗಣಿಯಿಂದ. ಪಟಿಕ ಹಾಕಿದರೆ ನೀರಿನ ರಂಜಕವನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಆದರೆ ಹೊಸದಾಗಿ ಬರುವುದನ್ನು ತಡೆಯದಿದ್ದರೆ ಅದೂ ಎಷ್ಟು ದಿನ?

ಈ ಸಲ ಮಾವ ಕಬ್ಬಿನ ಗದ್ದೆಯ ನೀರು ಹೊಂಡಕ್ಕಿಳಿಯುತ್ತಿದ್ದ ಜಾಗಕ್ಕೆ ಬದು ಹಾಕಿ, ಅದನ್ನು ಪಕ್ಕದ ಬಾಳೆಗೆ ತಿರುಗಿಸಿದ್ದಾರೆ. ಮಾರ್ಚ್‌ನಲ್ಲಿ ಹೋದಾಗ ಮೊಣಕೈವರೆಗೆ ನೀರಿಗಿಳಿಸಿದರೂ ಬೆರಳು ಕಾಣುತ್ತಿತ್ತು.