ತಲೆಗೆ ಎಣ್ಣೆ ಹಚ್ಚಿ ಬರಬೇಡಿ ಎನ್ನುವುದೇಕೆ

‘ತಲೀಗೆ ಕರೆಂಟ್ ಕೊಡ್ತಾರೇನ್ರೀ?’ ವೈದ್ಯರು ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಬರೆದುಕೊಟ್ಟ ಕೂಡಲೇ ಜಗಳೂರು, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಬಂದವರು ಮೊದಲು ಕೇಳುವುದು ಇದನ್ನೇ. ಕೊಡುವುದಿಲ್ಲ. ಮಿದುಳು ತಾನೇ ಹುಟ್ಟಿಸುವ ಕರೆಂಟನ್ನು ಹೊರಗಿನಿಂದ ಅಳೆಯುತ್ತಾರೆ, ಅಷ್ಟೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಬಾರಿ ಈ ಅಲೆಗಳನ್ನು ದಾಖಲಿಸಿದ. ಯಂತ್ರ ಬದಲಾಗಿದೆ, ತತ್ವ ಅದೇ. ಇಸಿಜಿಯಲ್ಲಿ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್. ಬುರುಡೆ ದಾಟಿ ಬರುವ ಮಿದುಳಿನ ಸಂಕೇತ 10ರಿಂದ 100 ಮೈಕ್ರೋವೋಲ್ಟ್, ಅಂದರೆ ಅದರ ಹತ್ತನೇ ಒಂದು ಪಾಲು ಅಥವಾ ಇನ್ನೂ ಕಡಿಮೆ. ಇಷ್ಟು ಸಣ್ಣದನ್ನು ಹಿಡಿಯುವಾಗ ಕೊಬ್ಬರಿ ಎಣ್ಣೆಯ ತೆಳು ಪದರವೂ ಅಡ್ಡಗೋಡೆಯೇ.

ಅಲೆ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು ತಲೆಯ ಮೇಲೆ ಎಲ್ಲಿ ಕೂರಿಸಬೇಕೆಂದು ಗುರುತು ಹಾಕುವ ಕೆಲಸ ಶುರುವಾಗುವುದು ಟೇಪಿನಿಂದ. ಮೂಗು–ಹಣೆ ಕೂಡುವ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ 36 ಸೆಂ.ಮೀ. ಬಂತೆನ್ನಿ. ಮೊದಲ ಗುರುತು 3.6ಕ್ಕೆ, ಅಲ್ಲಿಂದ 7.2ಕ್ಕೊಂದು, ಕೊನೆಗೆ ಮತ್ತೆ 3.6 ಉಳಿಯಬೇಕು. ಶೇ. 10 ಮತ್ತು ಶೇ. 20ರ ಈ ಲೆಕ್ಕದಿಂದಲೇ ‘ಟೆನ್–ಟ್ವೆಂಟಿ’ ಪದ್ಧತಿ ಎಂಬ ಹೆಸರು. ಅಂದಾಜಿನ ಮೇಲೆ ಅಂಟಿಸಿದರೆ ಎಡಬಲ ಸಮ ಬೀಳದೆ, ಇಲ್ಲದ ದೋಷ ಕಾಗದದ ಮೇಲೆ ಮೂಡುತ್ತದೆ.

ಆಮೇಲೆ ಕೂದಲು ಸರಿಸಿ, ಒರಟು ಜೆಲ್‌ನಿಂದ ಚರ್ಮ ಉಜ್ಜಿ, ಪೇಸ್ಟ್ ತುಂಬಿದ ಬಟ್ಟಲಿನಂಥ ಎಲೆಕ್ಟ್ರೋಡ್ ಕೂರಿಸುತ್ತಾರೆ. ಇಂಪಿಡೆನ್ಸ್, ಅಂದರೆ ಕರೆಂಟಿನ ದಾರಿಗಿರುವ ತಡೆ, 5 ಕಿಲೋಓಮ್‌ಗಿಂತ ಕೆಳಗಿಳಿಯಬೇಕು. ಎಣ್ಣೆತಲೆಯಲ್ಲಿ ಅದು ಜಗ್ಗುವುದಿಲ್ಲ. ಒಂದು ಎಲೆಕ್ಟ್ರೋಡ್ 3, ಪಕ್ಕದ್ದು 20 ಇದ್ದರಂತೂ ಇನ್ನೂ ಕಷ್ಟ. ಆಂಪ್ಲಿಫೈಯರ್ ಹಿಗ್ಗಿಸುವುದು ಎರಡರ ವ್ಯತ್ಯಾಸವನ್ನು. ಕೋಣೆಯ ವೈರಿಂಗ್‌ನಿಂದ ಬರುವ 50 ಹರ್ಟ್ಸ್ ಗದ್ದಲ ಎರಡಕ್ಕೂ ಸಮನಾಗಿ ಬಂದರೆ ಮಾತ್ರ ಕಳೆದುಹೋಗುತ್ತದೆ. ಇಂಪಿಡೆನ್ಸ್ ಸಮವಿಲ್ಲದಿದ್ದರೆ ಉಳಿದುಬಿಡುತ್ತದೆ. ಆ 50 ಹರ್ಟ್ಸನ್ನಷ್ಟೇ ಸೋಸುವ ನಾಚ್ ಫಿಲ್ಟರ್ ಒತ್ತಿದರೆ ಗೆರೆ ನಯವಾಗಬಹುದು, ಎಲೆಕ್ಟ್ರೋಡ್ ಸರಿಹೋಗುವುದಿಲ್ಲ. ಹಾಗೆಂದು ಪೇಸ್ಟ್ ಧಾರಾಳವಾಗಿ ಬಳಿದರೂ ಕೆಟ್ಟಿತು: ಎರಡು ಎಲೆಕ್ಟ್ರೋಡ್‌ಗಳ ಪೇಸ್ಟ್ ಕೂಡಿಕೊಂಡರೆ ಅವೆರಡೂ ಒಂದೇ ಆಗಿ, ನಡುವಿನ ಗೆರೆ ಸಪಾಟಾಗುತ್ತದೆ.

ನಮ್ಮ ಕಡೆಯ ತೊಂದರೆಗಳು ಇನ್ನೆರಡು. ಏಪ್ರಿಲ್–ಮೇ ಬಿಸಿಲಲ್ಲಿ ನೆತ್ತಿ ಬೆವೆತರೆ ಗೆರೆಗಳೆಲ್ಲ ಉಯ್ಯಾಲೆಯಂತೆ ನಿಧಾನಕ್ಕೆ ತೂಗುತ್ತವೆ. ಬಾಯಲ್ಲಿ ಅಡಿಕೆ ಇದ್ದರೆ ಅಗಿಯುವ ಸ್ನಾಯುವಿನ ವಿದ್ಯುತ್ ಗದ್ದಲ ಪಕ್ಕದ ಎಲೆಕ್ಟ್ರೋಡ್‌ಗಳನ್ನು ಕಪ್ಪಗೆ ಮಸಿ ಬಳಿದಂತೆ ಮುಚ್ಚುತ್ತದೆ. ಪರೀಕ್ಷೆಗೆ ಬರುವಾಗ ಬೇಕಾದದ್ದು ಇಷ್ಟು: ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದ ಒಣತಲೆ, ಹೊಟ್ಟೆಗೆ ತಿಂಡಿ (ಉಪವಾಸದಲ್ಲಿ ಸಕ್ಕರೆ ಇಳಿದರೆ ಅಲೆಗಳೂ ನಿಧಾನವಾಗುತ್ತವೆ), ಎಂದಿನ ಮಾತ್ರೆ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ನಿದ್ದೆಗೆಡಿಸಿ ಕರೆತನ್ನಿ ಎಂದಿದ್ದರೆ ಬಸ್ಸಿನಲ್ಲಿ ಮಗುವನ್ನು ಮಲಗಿಸಲೇಬೇಡಿ. ಅರ್ಧ ತಾಸಿನ ತೂಕಡಿಕೆಗೆ ರಾತ್ರಿಯ ಜಾಗರಣೆಯೆಲ್ಲ ನೀರಲ್ಲಿ ಹೋಮ.

ರೆಕಾರ್ಡಿಂಗ್ ಕನಿಷ್ಠ 20 ನಿಮಿಷ. ಕಣ್ಣು ಮುಚ್ಚಿದರೆ ಹಿಂದಲೆಯಲ್ಲಿ ಸೆಕೆಂಡಿಗೆ 8ರಿಂದ 13ರಂತೆ ಆಲ್ಫಾ ಅಲೆ ಏಳುತ್ತದೆ, ಕಣ್ಣು ಬಿಟ್ಟರೆ ಅಡಗುತ್ತದೆ. ನಂತರ ಮೂರು ನಿಮಿಷ ಜೋರಾಗಿ ಉಸಿರಾಟ. ಮಕ್ಕಳಿಗಾದರೆ ಕಾಗದದ ಗಿರಗಿಟ್ಲೆ ಕೊಟ್ಟು ಊದಿಸುವುದೇ ಸುಲಭ. ತರಗತಿಯಲ್ಲಿ ‘ಗಮನವಿಲ್ಲ’ ಎಂದು ಬೈಸಿಕೊಳ್ಳುವ ಕೆಲ ಮಕ್ಕಳಲ್ಲಿ ಇದೇ ಹೊತ್ತಿಗೆ ಸೆಕೆಂಡಿಗೆ ಮೂರರಂತೆ ಮೊನಚು ಅಲೆಗಳು ಓಡಿ, ಗಿರಗಿಟ್ಲೆ ನಿಂತುಬಿಡುತ್ತದೆ. ಅದು ಆಬ್ಸೆನ್ಸ್ ಎಂಬ ಫಿಟ್ಸ್.

ರಿಪೋರ್ಟ್ ‘ನಾರ್ಮಲ್’ ಬಂದರೆ ಫಿಟ್ಸ್ ಇಲ್ಲ ಎಂದಲ್ಲ. ಫಿಟ್ಸ್ ಖಚಿತವಿರುವವರಲ್ಲೂ ಮೊದಲ ಇಇಜಿಯಲ್ಲಿ ದೋಷ ಸಿಗುವುದು ಹೆಚ್ಚುಕಡಿಮೆ ಅರ್ಧ ಜನರಿಗೆ. ಮಿದುಳಿನ ಹೊರಪದರದಲ್ಲಿ ಸುಮಾರು 6 ಚದರ ಸೆಂ.ಮೀ.ಗೂ ಹೆಚ್ಚು ಜಾಗ ಒಟ್ಟಿಗೆ ಮಿಡಿದರೇ ನೆತ್ತಿಯ ಮೇಲೆ ತಿಳಿಯುವುದು. ಒಳಗಿನದು ಒಳಗೇ ಉಳಿಯುತ್ತದೆ.

ಇಇಜಿ ‘ಯಾವಾಗ’ ಎಂಬುದನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತದೆ, ‘ಎಲ್ಲಿ’ ಎಂಬುದನ್ನು ತೊದಲುತ್ತದೆ. ಅದಕ್ಕೆ ಎಂಆರ್‌ಐ ಬೇಕು. ಅದರ 1.5 ಟೆಸ್ಲಾ ಮ್ಯಾಗ್ನೆಟ್‌ನ ಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಫಿಟ್ಸ್ ಬಂದಾಗ ಕೈಗಿಡಲೆಂದು ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದ ಕೀ ಗೊಂಚಲು ಆ ಕೋಣೆಯಲ್ಲಿ ಕಲ್ಲು ಬೀಸಿದಂತೆ ಹಾರುತ್ತದೆ (ಫಿಟ್ಸ್ ನಿಲ್ಲಿಸುವುದಂತೂ ಇಲ್ಲ). ಸೆರಗಿನ ಪಿನ್ನೂ ಹೊರಗಿರಲಿ.

ಸಂಶೋಧಕರ ಎಫ್‌ಎಂಆರ್‌ಐ ನೋಡುವುದು ನರಕೋಶವನ್ನಲ್ಲ, ಅದರ ಬೆನ್ನಿಗೆ ಬರುವ ರಕ್ತವನ್ನು. ಅದರ ಏರಿಕೆ ತುದಿ ಮುಟ್ಟಲು ಐದಾರು ಸೆಕೆಂಡು ಬೇಕು. ‘ಯೋಚನೆ ಫೋಟೋದಲ್ಲಿ ಬಂತು’ ಎಂಬ ಸುದ್ದಿ ಓದುವಾಗ ಇದು ನೆನಪಿರಲಿ. ಇನ್ನೊಂದು ಪರೀಕ್ಷೆಯಾದ ಪೆಟ್ ಸ್ಕ್ಯಾನ್‌ಗೆ ಬೇಕಾದ, ವಿಕಿರಣ ಸೂಸುವ ಫ್ಲೋರಿನ್–18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಿಂದ ನಾಲ್ಕೂವರೆ ತಾಸು ಹೆದ್ದಾರಿಯಲ್ಲಿ ತಂದರೆ ಇಲ್ಲಿಗೆ ಮುಟ್ಟುವುದು ಐದನೇ ಒಂದು ಪಾಲಿಗೂ ಕಡಿಮೆ.

ಇವೆಲ್ಲವುಗಳ ಜೊತೆಗೆ ವೈದ್ಯರು ಕೇಳುವ ಇನ್ನೊಂದು ಸಾಧನ ನಿಮ್ಮ ಮೊಬೈಲು. ಫಿಟ್ಸ್ ಬಂದಾಗ ಒಬ್ಬರು ರೋಗಿಯನ್ನು ಮಗ್ಗುಲಾಗಿ ಮಲಗಿಸಲಿ, ಇನ್ನೊಬ್ಬರು ವಿಡಿಯೋ ಹಿಡಿಯಲಿ: ಮುಖ ಮತ್ತು ಎರಡೂ ಕೈ ಕಾಣಬೇಕು, ಎಚ್ಚರವಾಗಿ ಮಾತಾಡುವವರೆಗೂ ನಿಲ್ಲಿಸಬಾರದು. ಫಿಟ್ಸ್ ಐದು ನಿಮಿಷ ದಾಟಿದರೆ ಮಾತ್ರ ವಿಡಿಯೋ ಬಿಟ್ಟು 108ಕ್ಕೆ ಕರೆ ಮಾಡಿ.